ಇಂಪ್ಲಾಂಟ್‌ನ ಮೊದಲ ಬಿಗಿತ ಎಲ್ಲಿಂದ ಬರುತ್ತದೆ

ಹೋದ ಹಲ್ಲಿನ ಬೇರಿನ ಬದಲಿಗೆ ದವಡೆಯಲ್ಲಿ ಇಂಪ್ಲಾಂಟ್ ಕೂರಿಸಿದ ದಿನ ಅದನ್ನು ಹಿಡಿದಿಟ್ಟುಕೊಂಡಿರುವುದು ಬರೀ ಬಿಗಿತ. ಕೊರೆದ ರಂಧ್ರದ ಗೋಡೆಗೂ ಟೈಟಾನಿಯಂ ತಿರುಪಿನ ಸುತ್ತುಗಳಿಗೂ ನಡುವೆ ಇರುವ ಒತ್ತಡ ಮತ್ತು ಘರ್ಷಣೆ, ಅಷ್ಟೇ. ಮೂಳೆ ಇನ್ನೂ ಅದರ ಮೇಲೆ ಬೆಳೆದಿರುವುದಿಲ್ಲ. ಇದನ್ನು ಪ್ರಾಥಮಿಕ ಸ್ಥಿರತೆ ಎನ್ನುತ್ತೇವೆ. ಮುಂದಿನ ವಾರಗಳಲ್ಲಿ ಹೊಸ ಮೂಳೆ ಇಂಪ್ಲಾಂಟ್‌ನ ಮೈಮೇಲೆ ನೇರವಾಗಿ ಬೆಳೆದು ಕೊಡುವ ಹಿಡಿತ ದ್ವಿತೀಯಕ ಸ್ಥಿರತೆ. ಮೊದಲನೆಯದನ್ನು ಶಸ್ತ್ರಚಿಕಿತ್ಸಕರ ಕೈ ಕೊಡುತ್ತದೆ, ಎರಡನೆಯದನ್ನು ರೋಗಿಯ ದೇಹ ಕೊಡುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವುದುಂಟು. ಈ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಆ ದಿನ ಕೈ ಮಾಡಿದ ಕೆಲಸವೇ ಮುಂದೆ ದೇಹ ಏನು ಮಾಡಬಲ್ಲದು ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ, ಮತ್ತು ಮೊದಲ ದಿನದ ಬಿಗಿತವನ್ನು ಹೆಚ್ಚಿಸುವ ಕೆಲವು ತಂತ್ರಗಳೇ ಕೆಲವು ವಾರಗಳ ನಂತರದ ಹಿಡಿತವನ್ನು ಕಡಿಮೆ ಮಾಡಬಲ್ಲವು.

ಇಂಪ್ಲಾಂಟ್ ಕೂರಿಸಿದ ಬಳಿಕ ಅದರ ಸ್ಥಿರತೆ ಒಂದೇ ಸಮನೆ ಏರುತ್ತಾ ಹೋಗುವುದಿಲ್ಲ. ತಿರುಪಿನ ಸುತ್ತುಗಳ ತುದಿ ಒತ್ತಿ ಹಿಡಿದ ಹಳೆಯ ಮೂಳೆಯನ್ನು ದೇಹ ಮೊದಲು ಕರಗಿಸುತ್ತದೆ, ಆಮೇಲೆ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಕರಗುವ ಕೆಲಸ ಮುಂದಿದ್ದು ಕಟ್ಟುವ ಕೆಲಸ ಹಿಂದಿರುವ ಅವಧಿಯಲ್ಲಿ, ಸಾಮಾನ್ಯವಾಗಿ ಎರಡನೆಯ ವಾರದಿಂದ ನಾಲ್ಕನೆಯ ವಾರದ ನಡುವೆ, ಇಂಪ್ಲಾಂಟ್ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ರೋಗಿಗೆ ಆ ಹೊತ್ತಿಗೆ ನೋವಿರುವುದಿಲ್ಲ, ಊತ ಇಳಿದಿರುತ್ತದೆ, ಹೊಲಿಗೆ ಬಿಚ್ಚಿ ಆಗಿರುತ್ತದೆ; ಆದ್ದರಿಂದಲೇ ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯುವ ಧೈರ್ಯವೂ ಅದೇ ಸಮಯಕ್ಕೆ ಬರುತ್ತದೆ. ಮೂಳೆ ಮತ್ತು ಇಂಪ್ಲಾಂಟ್ ನಡುವಿನ ಸೂಕ್ಷ್ಮ ಅಲುಗಾಟ ಸುಮಾರು 50ರಿಂದ 150 ಮೈಕ್ರಾನ್‌ಗಳ ಮಿತಿಯನ್ನು ದಾಟಿದರೆ ಅಲ್ಲಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ, ಮತ್ತು ಹಾಗೆ ಒಮ್ಮೆ ನಾರಿನ ಹೊದಿಕೆ ಸುತ್ತಿಕೊಂಡ ಇಂಪ್ಲಾಂಟ್ ಮುಂದೆ ತಾನಾಗಿ ಗಟ್ಟಿಯಾಗುವುದಿಲ್ಲ.

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್‌ಗಳನ್ನು ಕೂರಿಸಿದಾಗಿನಿಂದ ಬೆಳೆದುಬಂದ ಪದ್ಧತಿ ಈ ಅಪಾಯವನ್ನು ಕಾಯುವಿಕೆಯಿಂದಲೇ ನಿಭಾಯಿಸಿತು. ಇಂಪ್ಲಾಂಟನ್ನು ಒಸಡಿನ ಕೆಳಗೆ ಮುಚ್ಚಿ, ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಯಾವ ಭಾರವನ್ನೂ ಹಾಕದೆ ಬಿಡುತ್ತಿದ್ದರು. ಈಗ ಇಂಪ್ಲಾಂಟ್‌ಗಳ ಮೇಲ್ಮೈಯನ್ನು ಒರಟುಗೊಳಿಸುವ ವಿಧಾನಗಳು ಬಂದು ಮೂಳೆ ಬೇಗ ಕೂಡಿಕೊಳ್ಳುತ್ತದೆ. ಆರೆಂಟು ವಾರಗಳಲ್ಲಿ ಕ್ಯಾಪ್ ಹಾಕುವುದು, ಕೆಲವೊಮ್ಮೆ ಅದೇ ದಿನ ತಾತ್ಕಾಲಿಕ ಹಲ್ಲು ಕೊಡುವುದು ಸಾಮಾನ್ಯವಾಗಿದೆ. ಕಾಯುವ ಅವಧಿ ಕುಗ್ಗಿದಷ್ಟೂ ಮೊದಲ ದಿನದ ಕೆಲಸದ ಮೇಲಿನ ಭಾರ ಹೆಚ್ಚಿದೆ. ಶಸ್ತ್ರಕ್ರಿಯೆಯ ತಂತ್ರದ ಬಗ್ಗೆ ಇಷ್ಟು ಚರ್ಚೆ ನಡೆಯುವುದು ಇದೇ ಕಾರಣಕ್ಕೆ.

ಮೂಳೆ ಹೇಗಿದೆ ಎಂಬುದು ನಮ್ಮ ಕೈಯಲ್ಲಿಲ್ಲ. 1985ರಲ್ಲಿ ಲೆಕ್‌ಹೋಮ್ ಮತ್ತು ಜಾರ್ಬ್ ಮಾಡಿದ ನಾಲ್ಕು ವರ್ಗಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ಮೊದಲನೆಯ ವರ್ಗದಲ್ಲಿ ಹೆಚ್ಚೂಕಡಿಮೆ ಪೂರ್ತಿ ಗಟ್ಟಿ ಮೂಳೆ, ನಾಲ್ಕನೆಯದರಲ್ಲಿ ತೆಳುವಾದ ಹೊರಪದರದೊಳಗೆ ಸಡಿಲವಾದ, ಜಾಳುಜಾಳಾದ ಒಳಮೂಳೆ. ಕೆಳದವಡೆಯ ಮುಂಭಾಗ ಸಾಮಾನ್ಯವಾಗಿ ಗಟ್ಟಿ, ಮೇಲ್ದವಡೆಯ ಹಿಂಭಾಗ ಸಾಮಾನ್ಯವಾಗಿ ಮೃದು. ಸಿಬಿಸಿಟಿ (ದವಡೆಯ ಮೂರು ಆಯಾಮದ ಎಕ್ಸ್-ರೇ) ಚಿತ್ರ ನೋಡಿ ಒಂದಷ್ಟು ಅಂದಾಜು ಮಾಡಬಹುದಾದರೂ ಖಾತ್ರಿಯಾಗುವುದು ಮೊದಲ ಡ್ರಿಲ್ ಒಳಗೆ ಇಳಿದಾಗಲೇ. ಗಟ್ಟಿ ಮೂಳೆಯಲ್ಲಿ ಡ್ರಿಲ್ ಒಂದೇ ಸಮನಾದ ಪ್ರತಿರೋಧದೊಂದಿಗೆ ಇಳಿಯುತ್ತದೆ. ಮೃದು ಮೂಳೆಯಲ್ಲಿ ಹೊರಪದರ ದಾಟಿದೊಡನೆ ಕೈಗೆ ಸಿಗುತ್ತಿದ್ದ ತಡೆ ಏಕಾಏಕಿ ಇಲ್ಲವಾಗುತ್ತದೆ. ಆ ಕ್ಷಣದಲ್ಲಿ ಹಿಂದೆ ಮಾಡಿಕೊಂಡ ಯೋಜನೆಯನ್ನು ಬದಲಾಯಿಸಲು ಸಿದ್ಧರಿರಬೇಕು. ಯಾವ ಅಳತೆಯ ಡ್ರಿಲ್‌ಗೆ ನಿಲ್ಲಿಸಬೇಕು, ಎಷ್ಟು ಸಲ ಒಳಗೆ ಇಳಿಸಬೇಕು, ಯಾವ ಇಂಪ್ಲಾಂಟ್ ಆರಿಸಬೇಕು ಎಂಬ ತೀರ್ಮಾನಗಳು ಅಲ್ಲಿಂದ ಹುಟ್ಟಬೇಕೇ ಹೊರತು ಕಿಟ್‌ನ ಜೊತೆ ಬಂದ ಪಟ್ಟಿಯಿಂದಲ್ಲ.

ಕೊರೆಯುವಾಗಿನ ಬಿಸಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರ ಪರಿಣಾಮ ಆ ದಿನ ಕಣ್ಣಿಗೆ ಕಾಣುವುದಿಲ್ಲ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲದ ಮೂಳೆಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಗುಲಿದರೆ ಸಾಕು, ಮೂಳೆಯ ಮರುಬೆಳವಣಿಗೆಗೆ ಧಕ್ಕೆಯಾಗುತ್ತದೆ ಎಂದು ಕಂಡುಬಂತು. ದೇಹದ ಉಷ್ಣತೆಗಿಂತ ಹತ್ತು ಡಿಗ್ರಿ ಮಾತ್ರ ಹೆಚ್ಚು. ಮೊಂಡಾದ ಡ್ರಿಲ್‌ಗೆ ಗಟ್ಟಿ ಮೂಳೆಯಲ್ಲಿ ಈ ಅಂತರ ದಾಟುವುದು ಕಷ್ಟವಲ್ಲ. ಬಿಸಿಯಿಂದ ಸತ್ತ ಮೂಳೆಯೂ ಗಟ್ಟಿಯಾಗಿಯೇ ಇರುತ್ತದೆ, ಇಂಪ್ಲಾಂಟನ್ನು ಆ ದಿನ ಚೆನ್ನಾಗಿಯೇ ಹಿಡಿಯುತ್ತದೆ, ಟಾರ್ಕ್ (ಇಂಪ್ಲಾಂಟನ್ನು ತಿರುಗಿಸಲು ಬೇಕಾಗುವ ಬಲ) ಸಂಖ್ಯೆಯೂ ತೃಪ್ತಿಕರವಾಗಿಯೇ ಇರುತ್ತದೆ. ಕೆಲವು ವಾರಗಳ ನಂತರ ದೇಹ ಆ ಸತ್ತ ಪದರವನ್ನು ತೆಗೆದುಹಾಕಲು ಹೊರಟಾಗ ಇಂಪ್ಲಾಂಟ್‌ಗೆ ಆಸರೆ ತಪ್ಪುತ್ತದೆ. ಕೆಳದವಡೆಯ ಗಟ್ಟಿ ಮೂಳೆಯಲ್ಲಿ, ಎಲ್ಲವೂ ಬಿಗಿಯಾಗಿ ಕೂತಿತ್ತು ಎನ್ನುವ ಪ್ರಕರಣಗಳಲ್ಲೇ, ತಿಂಗಳೊಳಗೆ ಇಂಪ್ಲಾಂಟ್ ಸಡಿಲವಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಇದನ್ನು ತಡೆಯುವ ಕ್ರಮಗಳು ಸರಳ, ಆದರೆ ಪ್ರತಿ ಬಾರಿಯೂ ಪಾಲಿಸಬೇಕಾದವು. ಡ್ರಿಲ್ ಹರಿತವಾಗಿರಬೇಕು, ಎಷ್ಟು ಸಲ ಬಳಸಿದ್ದೇವೆ ಎಂಬ ಲೆಕ್ಕ ಇಟ್ಟು ಕಾಲಕಾಲಕ್ಕೆ ಬದಲಾಯಿಸಬೇಕು. ನಿಮಿಷಕ್ಕೆ ಸುಮಾರು 800ರಿಂದ 1,500 ಸುತ್ತುಗಳ ವೇಗದಲ್ಲಿ, ತಣ್ಣನೆಯ ಸಲೈನ್ (ಉಪ್ಪುನೀರು) ಧಾರಾಳವಾಗಿ ಹರಿಯುತ್ತಿರುವಾಗ, ಡ್ರಿಲ್ಲನ್ನು ಒಂದೇ ಸಲ ಕೆಳಗೆ ಒತ್ತದೆ ಸ್ವಲ್ಪ ಇಳಿಸಿ ಮತ್ತೆ ಹೊರಗೆಳೆಯುತ್ತಾ ಕೊರೆಯಬೇಕು. ಹೊರಗೆ ಎಳೆದಾಗಲೇ ಸಲೈನ್ ರಂಧ್ರದ ತಳದವರೆಗೆ ಇಳಿಯುವುದು, ಡ್ರಿಲ್‌ನ ತೋಡುಗಳಲ್ಲಿ ಕಚ್ಚಿಕೊಂಡ ಮೂಳೆಪುಡಿ ಹೊರಬರುವುದು. ಆ ಪುಡಿಯನ್ನು ನೋಡುವ ಅಭ್ಯಾಸ ಒಳ್ಳೆಯದು. ರಕ್ತ ಬೆರೆತು ತೇವವಾಗಿ, ತಿಳಿಗೆಂಪಾಗಿ ಬಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಒಣಗಿ, ಬಿಳಿಚಿ, ಗಟ್ಟಿ ಹಿಟ್ಟಿನಂತೆ ತೋಡಿನೊಳಗೆ ಅದುಮಿಕೊಂಡಿದ್ದರೆ ಡ್ರಿಲ್ ಕತ್ತರಿಸುವುದನ್ನು ಬಿಟ್ಟು ಉಜ್ಜುತ್ತಿದೆ ಎಂದು ಅರ್ಥ, ಅಲ್ಲಿಗೇ ನಿಲ್ಲಿಸಿ ಡ್ರಿಲ್ ಬದಲಿಸಬೇಕು. ಸರ್ಜಿಕಲ್ ಗೈಡ್ (ಡ್ರಿಲ್‌ಗೆ ದಿಕ್ಕು ತೋರಿಸುವ ಅಚ್ಚು) ಬಳಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಗೈಡ್ ದಿಕ್ಕನ್ನು ನಿಖರವಾಗಿ ಕಾಯುತ್ತದೆ, ಆದರೆ ಅದರ ಕೊಳವೆ ಡ್ರಿಲ್ಲನ್ನು ಸುತ್ತಿಕೊಂಡಿರುವುದರಿಂದ ಸಲೈನ್ ಮೂಳೆಗೆ ತಲುಪುವುದು ಕಡಿಮೆಯಾಗುತ್ತದೆ. ಗೈಡ್ ಇದ್ದಾಗ ಡ್ರಿಲ್ಲನ್ನು ಇನ್ನೂ ಹೆಚ್ಚು ಸಲ ಹೊರಗೆಳೆಯಬೇಕು, ನಡುನಡುವೆ ರಂಧ್ರವನ್ನು ಸಿರಿಂಜಿನಿಂದ ತೊಳೆಯಬೇಕು. ನಿಮಿಷಕ್ಕೆ 50ರ ಆಸುಪಾಸಿನ ಸುತ್ತುಗಳಲ್ಲಿ ನೀರಿಲ್ಲದೆ ಕೊರೆಯುವ ನಿಧಾನ ವಿಧಾನವೂ ಇದೆ. ಅದರಲ್ಲಿ ಸಿಗುವ ಮೂಳೆಪುಡಿಯನ್ನು ಬೇರೆಡೆ ಬಳಸಿಕೊಳ್ಳಬಹುದು. ತಾಳ್ಮೆ ಇರುವವರಿಗೆ ಒಳ್ಳೆಯ ವಿಧಾನ.

ಬಿಸಿಯ ನಂತರ ರಂಧ್ರದ ಆಕಾರ. ಇಂಪ್ಲಾಂಟ್‌ನ ಅಡ್ಡಳತೆಗೂ ರಂಧ್ರದ ಅಡ್ಡಳತೆಗೂ ಇರುವ ವ್ಯತ್ಯಾಸ ಮಿಲಿಮೀಟರಿನ ಕೆಲವು ಹತ್ತನೆಯ ಭಾಗಗಳಷ್ಟೇ. ಡ್ರಿಲ್ ಒಳಹೋಗುವಾಗ ಒಂದು ಕೋನ, ಹೊರಬರುವಾಗ ಇನ್ನೊಂದು ಕೋನವಾದರೆ ರಂಧ್ರದ ಬಾಯಿ ದುಂಡಗೆ ಉಳಿಯದೆ ಅಂಡಾಕಾರವಾಗುತ್ತದೆ, ಮಣ್ಣಿನಲ್ಲಿ ನೆಟ್ಟ ಗೂಟವನ್ನು ಆಚೀಚೆ ಅಲುಗಾಡಿಸಿದರೆ ಗುಳಿಯ ಬಾಯಿ ಅಗಲವಾಗುವ ಹಾಗೆ. ಮೃದು ಮೂಳೆಯಲ್ಲಿ ಇದರ ನಷ್ಟ ಬಹಳ ದೊಡ್ಡದು, ಏಕೆಂದರೆ ಅಲ್ಲಿ ಇಂಪ್ಲಾಂಟನ್ನು ಹಿಡಿಯಬಲ್ಲ ಗಟ್ಟಿ ಭಾಗವೆಂದರೆ ಬಾಯಿಯ ಬಳಿಯ ತೆಳುವಾದ ಹೊರಪದರವೇ. ಅದನ್ನೇ ಅಗಲ ಮಾಡಿಕೊಂಡರೆ ಒಳಗಿನ ಜಾಳು ಮೂಳೆ ಆ ಕೊರತೆಯನ್ನು ತುಂಬಿಕೊಡಲಾರದು. ಹಾಗಾಗಿ ಮೃದು ಮೂಳೆಯಲ್ಲಿ ಪ್ರತಿ ಡ್ರಿಲ್ಲನ್ನೂ ಬೇಕಾದ ಆಳಕ್ಕೆ ಆದಷ್ಟು ಕಡಿಮೆ ಸಲ ಇಳಿಸಿ ಮುಗಿಸುವುದು, ಕೌಂಟರ್‌ಸಿಂಕ್ ಮಾಡುವುದನ್ನು (ರಂಧ್ರದ ಬಾಯಿಯನ್ನು ಅಗಲಿಸುವುದನ್ನು) ಬಿಟ್ಟುಬಿಡುವುದು, ಕೈಯನ್ನು ಪಕ್ಕದ ಹಲ್ಲಿನ ಮೇಲೆ ಆನಿಸಿಕೊಂಡು ಕೆಲಸ ಮಾಡುವುದು ಒಳ್ಳೆಯದು. ಇಂಪ್ಲಾಂಟನ್ನು ಕೂರಿಸುವ ಹಂತದಲ್ಲೂ ಇದೇ ಅಪಾಯವಿದೆ. ಕೈ ರ್‍ಯಾಚೆಟ್ (ಇಂಪ್ಲಾಂಟನ್ನು ಕೈಯಿಂದ ತಿರುಗಿಸುವ ಸಾಧನ) ಬಳಸುವಾಗ ಒಂದು ಬೆರಳಿನಿಂದ ತಲೆಯ ಭಾಗವನ್ನು ಅಕ್ಷಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಪ್ರತಿ ತಿರುವಿಗೂ ಇಂಪ್ಲಾಂಟ್ ಸ್ವಲ್ಪ ಓಲುತ್ತದೆ, ಮತ್ತು ಡ್ರಿಲ್ಲಿನಿಂದ ಚೆನ್ನಾಗಿ ಮಾಡಿದ ರಂಧ್ರವನ್ನು ಕೊನೆಯ ಕೆಲವು ತಿರುವುಗಳಲ್ಲಿ ಕೆಡಿಸಿಕೊಳ್ಳುತ್ತೇವೆ. ಮೃದು ಮೂಳೆಯಲ್ಲಿ ಮೋಟಾರಿನಿಂದ ನಿಮಿಷಕ್ಕೆ 15ರಿಂದ 25 ಸುತ್ತುಗಳ ವೇಗದಲ್ಲಿ ಕೂರಿಸುವುದನ್ನೇ ನಾನು ಇಷ್ಟಪಡುತ್ತೇನೆ.

ಹೆಚ್ಚು ಚರ್ಚೆಗೆ ಬರುವ ತಂತ್ರ ಅಂಡರ್-ಪ್ರಿಪರೇಷನ್, ಅಂದರೆ ಇಂಪ್ಲಾಂಟ್‌ಗೆ ಬೇಕಾದುದಕ್ಕಿಂತ ಕಿರಿದಾದ ರಂಧ್ರ ಕೊರೆದು ಇಂಪ್ಲಾಂಟೇ ತನ್ನ ದಾರಿಯನ್ನು ಅಗಲಿಸಿಕೊಳ್ಳುವಂತೆ ಮಾಡುವುದು. ಕೊನೆಯ ಡ್ರಿಲ್ಲನ್ನು ಬಳಸದೆ ಬಿಡುವುದು, ಅಥವಾ ಅದನ್ನು ಮೇಲಿನ ಅರ್ಧದವರೆಗೆ ಮಾತ್ರ ಇಳಿಸುವುದು ಇದರ ಸಾಮಾನ್ಯ ರೂಪ. ಮೃದು ಮೂಳೆಯಲ್ಲಿ ಇದರಿಂದ ಪ್ರಾಥಮಿಕ ಸ್ಥಿರತೆ ಹೆಚ್ಚುತ್ತದೆ, ಕೆಳಗೆ ಕಿರಿದಾಗುತ್ತಾ ಹೋಗುವ ಆಕಾರದ ಇಂಪ್ಲಾಂಟ್ ಜೊತೆಗಿದ್ದರೆ ಇನ್ನಷ್ಟು ಹೆಚ್ಚುತ್ತದೆ. ಸಡಿಲವಾದ ಒಳಮೂಳೆಯ ಎಳೆಗಳು ಒತ್ತಡಕ್ಕೆ ಸರಿದು, ಇಂಪ್ಲಾಂಟ್‌ನ ಸುತ್ತ ದಟ್ಟವಾಗಿ ಕೂಡಿಕೊಳ್ಳಲು ಅಲ್ಲಿ ಜಾಗವಿರುತ್ತದೆ. ಗಟ್ಟಿ ಮೂಳೆಯಲ್ಲಿ ಆ ಜಾಗವಿಲ್ಲ. ಅಲ್ಲಿ ಇದೇ ತಂತ್ರವನ್ನು ಬಳಸಿದರೆ ಮೂಳೆ ಸರಿಯುವ ಬದಲು ಬಿರುಕು ಬಿಡುತ್ತದೆ, ರಕ್ತನಾಳಗಳು ಅದುಮಿಹೋಗುತ್ತವೆ, ರಂಧ್ರದ ಬಾಯಿಯ ಬಳಿಯ ಗಟ್ಟಿ ಪದರದಲ್ಲಿ ರಕ್ತಸಂಚಾರ ನಿಲ್ಲುತ್ತದೆ. ಹೆಚ್ಚಿನ ಟಾರ್ಕ್‌ನಿಂದ ಇಂಪ್ಲಾಂಟ್‌ಗಳು ಸೋಲುತ್ತವೆ ಎಂಬುದನ್ನು ರೋಗಿಗಳ ಮೇಲಿನ ಅಧ್ಯಯನಗಳು ಒಮ್ಮತದಿಂದ ತೋರಿಸಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಅತಿಯಾಗಿ ಒತ್ತಲ್ಪಟ್ಟ ಜಾಗದಲ್ಲಿ ಮೂಳೆ ಮೊದಲು ಕರಗಿ ಆಮೇಲೆ ಕಟ್ಟಿಕೊಳ್ಳುವುದು, ಇಂಪ್ಲಾಂಟ್‌ಗೂ ಗೋಡೆಗೂ ನಡುವೆ ಸಣ್ಣ ಖಾಲಿ ಜಾಗವಿದ್ದಲ್ಲಿ ರಕ್ತದ ಹೆಪ್ಪು ತುಂಬಿ ನೇರವಾಗಿ ಹೊಸ ಮೂಳೆ ಬೆಳೆಯುವುದು ಮತ್ತೆ ಮತ್ತೆ ಕಂಡಿದೆ. ಇಂಪ್ಲಾಂಟ್‌ನ ಮೈಯೆಲ್ಲವೂ ಬಿಗಿಯಾಗಿ ಒತ್ತಿಕೊಂಡಿರಬೇಕು ಎಂಬ ಆಸೆಯನ್ನು ನಾನು ಬಿಟ್ಟಿರುವುದು ಇದನ್ನು ತಿಳಿದ ಮೇಲೆಯೇ. ಕೆಲವು ಭಾಗಗಳು ಬಿಗಿಯಾಗಿ ಹಿಡಿದಿರಬೇಕು, ಉಳಿದ ಭಾಗಗಳಲ್ಲಿ ರಕ್ತ ನಿಲ್ಲಲು ಎಡೆಯಿರಬೇಕು.

ಹಾಗಾದರೆ ಟಾರ್ಕ್ ಎಷ್ಟಿರಬೇಕು? ಬೇಗ ಹಲ್ಲು ಕೊಡುವುದಿದ್ದರೆ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರಿನ ಆಸುಪಾಸಿನ ಸಂಖ್ಯೆಯನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಭಾರ ಹಾಕದೆ ಕಾಯುವುದಿದ್ದರೆ ಅದಕ್ಕಿಂತ ಬಹಳ ಕಡಿಮೆಯಿದ್ದರೂ ಸಾಕು. ಇಂಪ್ಲಾಂಟ್ ಅಲುಗಾಡದೆ ನಿಂತಿದ್ದರಾಯಿತು. ಗಟ್ಟಿ ಮೂಳೆಯಲ್ಲಿ ಕೂರಿಸುವಾಗ ಇಂಪ್ಲಾಂಟ್ ಇನ್ನೂ ಎರಡು ಮೂರು ಮಿಲಿಮೀಟರ್ ಹೊರಗಿರುವಾಗಲೇ ಮೋಟಾರ್ 50 ತೋರಿಸಿ ನಿಂತುಬಿಡುವುದುಂಟು. ಆಗ ರ್‍ಯಾಚೆಟ್ ಹಾಕಿ ಬಲವಂತವಾಗಿ ತಿರುಗಿಸುವ ಪ್ರಲೋಭನೆ ಸಹಜ. ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಸಲೈನ್ ಹಾಯಿಸಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಮುಂದಕ್ಕೆ ಒಯ್ಯುವುದು ಮೊದಲ ಹೆಜ್ಜೆ. ಆದರೂ ಹೋಗದಿದ್ದರೆ ಇಂಪ್ಲಾಂಟನ್ನು ಪೂರ್ತಿ ಹೊರತೆಗೆದು, ಕೊನೆಯ ಡ್ರಿಲ್ಲನ್ನು ಮತ್ತೊಮ್ಮೆ ಇಳಿಸಿ, ಬೇಕಿದ್ದರೆ ಟ್ಯಾಪ್‌ನಿಂದ ತಿರುಪಿನ ದಾರಿ ಮಾಡಿ ಪುನಃ ಕೂರಿಸುವುದೇ ಸರಿ. ಹೊರತೆಗೆದಾಗ ಇಂಪ್ಲಾಂಟನ್ನು ಅದರ ಡ್ರೈವರ್ ಮೇಲೆಯೇ, ಯಾವುದಕ್ಕೂ ತಾಗದಂತೆ ಹಿಡಿದಿರಬೇಕು. ಐದು ನಿಮಿಷದ ಈ ಕೆಲಸಕ್ಕೆ ಬೇಸರಪಟ್ಟರೆ ಮುಂದಿನ ಹಲವು ವಾರಗಳ ಆತಂಕವನ್ನು ರೋಗಿ ಹೊರಬೇಕಾಗುತ್ತದೆ.

ಮೂಳೆಯನ್ನು ಕತ್ತರಿಸಿ ತೆಗೆಯುವ ಬದಲು ಪಕ್ಕಕ್ಕೆ ಒತ್ತಿ ದಟ್ಟಗೊಳಿಸುವ ಆಲೋಚನೆಯೂ ಹೊಸತಲ್ಲ. ರಾಬರ್ಟ್ ಸಮ್ಮರ್ಸ್ 1994ರಲ್ಲಿ ಆಸ್ಟಿಯೊಟೋಮ್ ವಿಧಾನವನ್ನು ವಿವರಿಸಿದರು: ಚಿಕ್ಕ ರಂಧ್ರದಿಂದ ಶುರುಮಾಡಿ, ಕ್ರಮೇಣ ದಪ್ಪವಾಗುವ ಲೋಹದ ಕಡ್ಡಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸುವುದು. ಮೇಲ್ದವಡೆಯ ಮೃದು ಮೂಳೆಗೆ ಇದು ಆಕರ್ಷಕವಾಗಿ ಕಂಡಿತು, ಮೇಲ್ದವಡೆಯ ಮೇಲಿರುವ ಗಾಳಿಯ ಪೊಳ್ಳಾದ ಸೈನಸ್‌ನ ತಳವನ್ನು ಎತ್ತಲು ಇಂದಿಗೂ ಉಪಯೋಗಿ. ಆದರೆ ತಟ್ಟುವ ಬಲವನ್ನು ಅಳೆಯುವ ದಾರಿಯಿಲ್ಲ, ಒಳಮೂಳೆಯ ಎಳೆಗಳು ಬಾಗುವ ಬದಲು ಮುರಿಯುತ್ತವೆ, ಮುರಿದ ಎಳೆಗಳನ್ನು ದೇಹ ಮೊದಲು ತೆರವು ಮಾಡಬೇಕಾಗುತ್ತದೆ. ಮೊದಲ ದಿನ ಸಿಕ್ಕ ಲಾಭ ವಾಸಿಯಾಗುವ ಹೊತ್ತಿಗೆ ಉಳಿಯದಿರುವುದು ಇದಕ್ಕೇ. ಇದಲ್ಲದೆ ಸುತ್ತಿಗೆಯ ಏಟಿನಿಂದ ಕೆಲವರಿಗೆ ಆಮೇಲೆ ಕೆಲವು ದಿನ ತಲೆಸುತ್ತು ಬರುವುದೂ ಉಂಟು. ಇತ್ತೀಚಿನ ಆಸಿಯೊಡೆನ್ಸಿಫಿಕೇಷನ್ ವಿಧಾನ ಇದೇ ಗುರಿಯನ್ನು ಡ್ರಿಲ್‌ನಿಂದ ಸಾಧಿಸುತ್ತದೆ. ಸಲಾಹ್ ಹುವೈಸ್ ರೂಪಿಸಿದ ಈ ಡ್ರಿಲ್‌ಗಳನ್ನು ಬಲಕ್ಕೆ ತಿರುಗಿಸಿದರೆ ಕತ್ತರಿಸುತ್ತವೆ, ಎಡಕ್ಕೆ ತಿರುಗಿಸಿದರೆ ಸಲೈನ್ ಹರಿವಿನೊಂದಿಗೆ ಮೂಳೆಯನ್ನು ಗೋಡೆಗೆ ಸವರಿ ದಟ್ಟಗೊಳಿಸುತ್ತವೆ. ಮೃದು ಮೂಳೆಯಲ್ಲಿ ಟಾರ್ಕ್ ಸ್ಪಷ್ಟವಾಗಿ ಏರುತ್ತದೆ, ಸುತ್ತಿಗೆಯ ಏಟಿಲ್ಲ, ಎಷ್ಟು ಒತ್ತುತ್ತಿದ್ದೇವೆ ಎಂಬುದು ಕೈಗೆ ತಿಳಿಯುತ್ತದೆ. ನಾಲ್ಕನೆಯ ವರ್ಗದ ಮೂಳೆಗೆ ನನಗಿದು ಮೆಚ್ಚುಗೆಯಾದ ವಿಧಾನ. ಗಟ್ಟಿ ಮೂಳೆಯಲ್ಲಿ ಇದಕ್ಕೆ ಕೆಲಸವಿಲ್ಲ.

ಪೀಜೋ ಸಾಧನದ ದಾರಿ ಬೇರೆ. ಸೆಕೆಂಡಿಗೆ ಸುಮಾರು 25ರಿಂದ 30 ಸಾವಿರ ಕಂಪನಗಳಿಂದ ಅದರ ತುದಿ ಮೂಳೆಯನ್ನು ಮಾತ್ರ ಕತ್ತರಿಸುತ್ತದೆ, ಮೃದು ಅಂಗಾಂಶವನ್ನು ಬಹುಮಟ್ಟಿಗೆ ಬಿಡುತ್ತದೆ. ಮೊದಲ ದಿನದ ಬಿಗಿತದಲ್ಲಿ ಸಾಮಾನ್ಯ ಡ್ರಿಲ್‌ಗಿಂತ ದೊಡ್ಡ ವ್ಯತ್ಯಾಸ ಕಾಣದಿದ್ದರೂ, ಮೊದಲ ತಿಂಗಳಲ್ಲಿ ಸ್ಥಿರತೆ ಇಳಿಯುವ ಪ್ರಮಾಣ ಕಡಿಮೆಯಿರುವುದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಸಮಯ ಹೆಚ್ಚು ಹಿಡಿಯುತ್ತದೆ, ಜೋರಾಗಿ ಒತ್ತಿದರೆ ಇದೂ ಬಿಸಿಯಾಗುತ್ತದೆ.

ಹಲ್ಲು ಕಿತ್ತ ದಿನವೇ ಅದೇ ಗುಳಿಯಲ್ಲಿ ಇಂಪ್ಲಾಂಟ್ ಹಾಕುವಾಗ ತಂತ್ರದ ಪಾತ್ರ ಇನ್ನೂ ದೊಡ್ಡದು. ಮೇಲಿನ ಮುಂಭಾಗದ ಹಲ್ಲಿನ ಗುಳಿಯ ಹೊರಗೋಡೆ ಅನೇಕರಲ್ಲಿ ಒಂದು ಮಿಲಿಮೀಟರಿಗಿಂತ ತೆಳು. ಅದರಿಂದ ಹಿಡಿತ ನಿರೀಕ್ಷಿಸುವಂತಿಲ್ಲ, ಅದಕ್ಕೆ ಒತ್ತಡ ತಾಗಲೂಬಾರದು. ಹಿಡಿತ ಸಿಗಬೇಕಾದುದು ಅಂಗುಳಿನ ಕಡೆಯ ಗೋಡೆಯಿಂದ ಮತ್ತು ಬೇರಿನ ತುದಿಯ ಆಚೆಗಿನ ಮೂರರಿಂದ ಐದು ಮಿಲಿಮೀಟರ್ ಮೂಳೆಯಿಂದ. ಆದರೆ ಅಂಗುಳಿನ ಕಡೆಯ ಗೋಡೆ ಇಳಿಜಾರು, ಗಟ್ಟಿ. ಡ್ರಿಲ್ ಅಲ್ಲಿ ನಿಲ್ಲದೆ ಜಾರಿ ಗುಳಿಯ ಹಳೆಯ ದಾರಿಗೇ, ಹೊರಗೋಡೆಯ ಕಡೆಗೇ ಹೋಗುತ್ತದೆ. ಅದಕ್ಕೇ ಮೊದಲು ದುಂಡು ಬರ್‌ನಿಂದ ಆ ಇಳಿಜಾರಿನಲ್ಲಿ ಒಂದು ಚಿಕ್ಕ ತಗ್ಗು ಮಾಡಿಕೊಂಡು, ಅಲ್ಲಿ ತುದಿಯನ್ನು ನಿಲ್ಲಿಸಿ, ಇಳಿಯುತ್ತಾ ಹೋದಂತೆ ದಿಕ್ಕನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಇಂಪ್ಲಾಂಟ್ ಕೂರಿಸುವಾಗಲೂ ಅದು ಹೊರಕ್ಕೆ ವಾಲುತ್ತದೆ. ಕೈಯ ಒತ್ತಡ ಅಂಗುಳಿನ ಕಡೆಗೇ ಇರಬೇಕು. ಕೆಳಗಿನ ದವಡೆ ಹಲ್ಲಿನಲ್ಲಿ ಎರಡು ಬೇರುಗಳ ನಡುವಿನ ಮೂಳೆಯ ದಿಬ್ಬವೇ ಆಸರೆ. ಹಲ್ಲನ್ನು ಇಡಿಯಾಗಿ ಎಳೆಯದೆ ಬೇರುಗಳನ್ನು ಬೇರ್ಪಡಿಸಿ ಒಂದೊಂದಾಗಿ ತೆಗೆದರೆ ಮಾತ್ರ ಅದು ಉಳಿಯುತ್ತದೆ. ಹೀಗಾಗಿ ಇಲ್ಲಿ ಇಂಪ್ಲಾಂಟ್‌ನ ಸ್ಥಿರತೆ ಡ್ರಿಲ್ ಹಿಡಿಯುವ ಮೊದಲೇ, ಹಲ್ಲು ಕೀಳುವ ರೀತಿಯಲ್ಲೇ ನಿರ್ಧಾರವಾಗಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಅಳೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಟಾರ್ಕ್ ತಿರುಗುವಿಕೆಗೆ ಮೂಳೆ ಒಡ್ಡುವ ತಡೆಯನ್ನು ಹೇಳುತ್ತದೆ, ಮತ್ತು ಕೂರಿಸುವಾಗ ಒಂದೇ ಸಲ ಸಿಗುತ್ತದೆ. ನೀಲ್ ಮೆರೆಡಿತ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪರಿಚಯಿಸಿದ ಅನುರಣನ ಆವರ್ತನದ ವಿಧಾನ ಇಂಪ್ಲಾಂಟ್ ಪಕ್ಕಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನು ಅಳೆದು 1ರಿಂದ 100ರವರೆಗಿನ ಐಎಸ್‌ಕ್ಯೂ (ಇಂಪ್ಲಾಂಟ್ ಸ್ಥಿರತೆಯ ಸೂಚ್ಯಂಕ) ಸಂಖ್ಯೆಯಾಗಿ ಕೊಡುತ್ತದೆ; ಅದನ್ನು ನೋವಿಲ್ಲದೆ ಎಷ್ಟು ಸಲವಾದರೂ ತೆಗೆಯಬಹುದು. ಎರಡೂ ಸಂಖ್ಯೆಗಳು ಜೊತೆಜೊತೆಯಾಗಿ ಏರಿಳಿಯಬೇಕೆಂದೇನಿಲ್ಲ. ಟಾರ್ಕ್ 20 ಮಾತ್ರ ಇದ್ದು ಐಎಸ್‌ಕ್ಯೂ 70ರ ಹತ್ತಿರ ಇರುವುದುಂಟು, ತಿರುಗಿಸಿದರೆ ಸುಲಭವಾಗಿ ತಿರುಗುವ ಇಂಪ್ಲಾಂಟ್ ಪಕ್ಕಕ್ಕೆ ಬಾಗದಿರಬಹುದು. 70ಕ್ಕಿಂತ ಮೇಲಿದ್ದರೆ ಸ್ಥಿರತೆ ಚೆನ್ನಾಗಿದೆ, 60ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು ಎಂಬುದು ರೂಢಿಯ ಅಳತೆ. ಒಂದೇ ಓದಿಗಿಂತ ಒಂದರ ನಂತರ ಒಂದು ತೆಗೆದ ಓದುಗಳ ದಿಕ್ಕು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮೊದಲ ದಿನ 78 ಇದ್ದದ್ದು ಮೂರನೆಯ ವಾರಕ್ಕೆ 72 ಆದರೆ ಅದು ಸಹಜವಾದ ಇಳಿತ. 58ಕ್ಕೆ ಬಿದ್ದರೆ ಆ ಜಾಗದಲ್ಲಿ ಮೂಳೆ ಹಿಂದೆ ಸರಿಯುತ್ತಿದೆ, ಅದರ ಮೇಲಿನ ತಾತ್ಕಾಲಿಕ ಹಲ್ಲನ್ನು ಅಂದೇ ತೆಗೆಯಬೇಕು.

ಕೊನೆಗೆ, ಇಂಪ್ಲಾಂಟ್ ಪೂರ್ತಿ ಆಳಕ್ಕೆ ಇಳಿದ ಮೇಲೂ ಬೆರಳಿನಿಂದ ತಿರುಗಿಸಿದರೆ ಸುತ್ತುತ್ತಲೇ ಇರುವ ಸಂದರ್ಭ. ಮೇಲ್ದವಡೆಯ ಹಿಂಭಾಗದಲ್ಲಿ ಇದು ಅಪರೂಪವಲ್ಲ. ಮೂಳೆಯ ಅಗಲ ಅನುಮತಿಸಿದರೆ ಅದನ್ನು ತೆಗೆದು ಒಂದು ಅಳತೆ ದಪ್ಪದ್ದನ್ನು ಹಾಕಬಹುದು. ಎತ್ತರವಿದ್ದರೆ ಸ್ವಲ್ಪ ಉದ್ದದ್ದನ್ನು ಹಾಕಿ ಸೈನಸ್‌ನ ತಳದ ಗಟ್ಟಿ ಪದರದ ಹಿಡಿತವನ್ನೂ ಪಡೆಯಬಹುದು. ಎರಡೂ ಸಾಧ್ಯವಿಲ್ಲದಿದ್ದರೆ, ಮತ್ತು ಇಂಪ್ಲಾಂಟ್ ಸುತ್ತಿದರೂ ಪಕ್ಕಕ್ಕೆ ಅಲುಗುತ್ತಿಲ್ಲವಾದರೆ, ಕವರ್ ಸ್ಕ್ರೂ (ಇಂಪ್ಲಾಂಟ್‌ನ ಬಾಯಿ ಮುಚ್ಚುವ ಚಿಕ್ಕ ತಿರುಪು) ಹಾಕಿ ಒಸಡನ್ನು ಹೊಲಿದು ಮುಚ್ಚಿ ಹಳೆಯ ಪದ್ಧತಿಯಂತೆ ಕಾಯುವುದು ಸುರಕ್ಷಿತ. ಭಾರ ಬೀಳದಂತೆ ಮುಚ್ಚಿಟ್ಟ ಇಂತಹ ಇಂಪ್ಲಾಂಟ್‌ಗಳು ಬಹುಪಾಲು ಚೆನ್ನಾಗಿಯೇ ಕೂಡಿಕೊಳ್ಳುತ್ತವೆ. ಆ ಭಾಗದ ಮೇಲೆ ತೆಗೆದು ಹಾಕುವ ಹಲ್ಲಿನ ಸೆಟ್ ಇದ್ದರೆ ಅದರ ಒಳಮೈಯನ್ನು ಕೆತ್ತಿ, ಅದು ಒಸಡಿಗೆ ತಾಗದಂತೆ ಮಾಡಬೇಕು, ಏಕೆಂದರೆ ಮುಚ್ಚಿದ ಇಂಪ್ಲಾಂಟನ್ನೂ ಅದು ಪ್ರತಿ ಊಟದಲ್ಲೂ ಅಲುಗಾಡಿಸಬಲ್ಲದು. ಒಸಡು ತೆರೆದ ದಿನ ಐಎಸ್‌ಕ್ಯೂ ತೆಗೆದು, ಮೊದಲ ದಿನದ ಓದಿಗಿಂತ ಏರಿದೆ ಎಂದು ಖಚಿತವಾದ ಮೇಲೆಯೇ ಕ್ಯಾಪ್‌ಗೆ ಅಳತೆ ತೆಗೆದುಕೊಳ್ಳಬೇಕು. ಏರಿಲ್ಲವಾದರೆ ಇನ್ನೂ ಆರು ವಾರ ಬಿಟ್ಟು ಮತ್ತೆ ಅಳೆಯಬೇಕು.